ನಾಲ್ಕು ನಿಮಿಷದ ಅಂಜನಮೂರ್ತಿ

ನಮ್ಮ ಲಿಂಗರಾಜಪುರದ ಅಂಜನಮೂರ್ತಿಯವರ ಮೇಲೆ ನನಗಿರುವಷ್ಟು ಗೌರವ ಬೇರೆ ಯಾರ ಮೇಲೂ ಇಲ್ಲ. ನನ್ನನ್ನು ಅವರಷ್ಟು ರೇಗಿಸಿದವರೂ ಇಲ್ಲ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಕೂತು ಪ್ಯಾಂಟಿನ ಉದ್ದ ಕಡಿಮೆ ಮಾಡಿ, ಬ್ಲೌಸು ಬಿಗಿ ಮಾಡಿಕೊಡುವ ಟೈಲರ್ ಅವರು. ಏಪ್ರಿಲ್‌ನಲ್ಲಿ ಒಂದು ದಿನ ಮಾತ್ರ ಅಂಗಡಿಗೆ ಬೀಗ. ಅಂಬೇಡ್ಕರ್ ಜಯಂತಿಗೆ ನಮ್ಮ ಸಂಘ ನಡೆಸುವ ಮಕ್ಕಳ ಭಾಷಣ ಸ್ಪರ್ಧೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಂಟೆ ಹೊಡೆಯುವವರು ಅವರೇ. ಮೂರು ನಿಮಿಷಕ್ಕೆ ಒಂದು ಗಂಟೆ, ನಾಲ್ಕಕ್ಕೆ ಎರಡು. ಅಷ್ಟರಲ್ಲಿ ಮುಗಿಸದಿದ್ದರೆ ಎರಡು ಅಂಕ ಖೋತಾ. ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಒಬ್ಬೊಬ್ಬರಿಗೂ ನಮಸ್ಕಾರ ಹೇಳುತ್ತ ಮಗು ಅರ್ಧ ನಿಮಿಷ ಕಳೆದರೆ ಅದೂ ಆ ನಾಲ್ಕರೊಳಗೇ ಸೇರಿತು.

ಹನ್ನೆರಡನೇ ವಯಸ್ಸಿನಲ್ಲಿ ನಾನೂ ಅಲ್ಲಿ ಮಾತಾಡಿದವನೇ. ನಡುವೆ ಮುಖ್ಯ ಅತಿಥಿ ಬಂದರು. ಅವರು ಬಂದರೆಂದರೆ ನಮ್ಮಲ್ಲಿ ಮೈಕಿನ ಮುಂದಿನ ಮಗು ಪಕ್ಕಕ್ಕೆ ಸರಿಯಬೇಕು. ತಮಟೆ, ಹಾರ, ಶಾಲು, ಅತಿಥಿಗಳ ‘ಎರಡು ಮಾತು’ ಎಲ್ಲ ಆಗಿ ಅರ್ಧ ಗಂಟೆಯ ಮೇಲೆ, “ಮುಂದುವರಿಸಪ್ಪ ದೀಪು” ಅಂದರು. ಏನು ಮುಂದುವರಿಸೋದು, ನನ್ನ ಕರ್ಮ! ಒಂದಕ್ಷರ ನೆನಪಾಗದೆ ಅತ್ತುಬಿಟ್ಟೆ. ಅವತ್ತು ಅಂಜನಮೂರ್ತಿ ಗಂಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದರು.

ಈ ವರ್ಷ ಅಂಕಪಟ್ಟಿ ಬರೆಯುವ ಕೆಲಸ ನನ್ನದು. ಶಿವಾಜಿನಗರದ ರಿಮ್ಶಾ, ಒಂಬತ್ತನೇ ತರಗತಿ, ಮಾತಾಡುತ್ತಿದ್ದಳು. ಮೊದಲ ಸ್ಥಾನ ಬಂದವರಿಗಷ್ಟೇ ನಗರ ಮಟ್ಟದ ಸ್ಪರ್ಧೆಗೆ ಅವಕಾಶ. ಹೋದ ವರ್ಷ ಈ ಹುಡುಗಿ ಎರಡನೆಯವಳಾಗಿ ವಾಪಸು ಹೋಗಿದ್ದಳು. ಈ ಸಲ ಅವಳ ಮಾತು ಕೇಳಬೇಕಿತ್ತು ನೀವು, ಬಾಯಿಪಾಠದ ವಾಸನೆಯೇ ಇಲ್ಲ. ಎರಡು ನಿಮಿಷ ಆಗುವಷ್ಟರಲ್ಲಿ ಹೊರಗೆ ತಮಟೆ ಶುರುವಾಯಿತು. ಹುಡುಗಿ ತಡವರಿಸಿದಳು.

ಅಂಜನಮೂರ್ತಿ ಎದ್ದರು. ವಾಚು ಕೈಯಲ್ಲೇ ಹಿಡಿದು ಬಾಗಿಲಿಗೆ ನಡೆದು, ತಮಟೆಯವರನ್ನು ಸುಮ್ಮನಿರಿಸಿದರು.

“ಯಾರ್ರೀ ನೀವು?” ಅಂದರು ಅತಿಥಿ.

“ಟೈಮ್ ಕೀಪರ್, ಸಾರ್. ಮಗು ಮಾತಾಡ್ತಾ ಇದೆ. ಎರಡು ನಿಮಿಷ ಇಲ್ಲೇ ನಿಂತ್ಕೊಳ್ಳಿ.”

ಸಂಘದ ಅಧ್ಯಕ್ಷರು ಅಂಜನಮೂರ್ತಿಯವರ ತೋಳು ಹಿಡಿದು ಎಳೆದರು. ಇವರು ಬಾಗಿಲಿಗೆ ಎರಡೂ ಕೈ ಅಡ್ಡ ಚಾಚಿ ನಿಂತೇಬಿಟ್ಟರು. ಆ ಸಣಕಲು ಮನುಷ್ಯನನ್ನು ತಳ್ಳಿ ಒಳಗೆ ಬರಲು ಯಾರಿಗೂ ಧೈರ್ಯವಾಗಲಿಲ್ಲ. ರಿಮ್ಶಾ ಸುಧಾರಿಸಿಕೊಂಡು ಮಾತು ಮುಂದುವರಿಸಿದಳು. ಮುಗಿಸಿದಾಗ ಹೊರಗಿನ ತಮಟೆಯವರೂ ಚಪ್ಪಾಳೆ ತಟ್ಟಿದರು.

ಅಂಜನಮೂರ್ತಿ ಒಳಗೆ ಬಂದವರೇ ನನಗೆ ಹೇಳಿದರು: “ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಬರ್ಕೋ.”

ನನಗೆ ಪಿತ್ತ ನೆತ್ತಿಗೇರಿತು. “ಗಂಟೆ ಮೇಜಿನ ಮೇಲೆ, ನೀವು ಬಾಗಿಲಲ್ಲಿ. ಹೊಡೀದೆ ಇದ್ದಿದ್ದು ನಿಮ್ಮ ತಪ್ಪಲ್ವಾ ಅಂಕಲ್?”

“ನಂದೇ ತಪ್ಪು. ಆದ್ರೆ ಮಿಕ್ಕ ಮಕ್ಳಿಗೆ ಆ ಇಪ್ಪತ್ತು ಸೆಕೆಂಡ್ ಯಾರು ಕೊಡ್ತಾರೆ ಹೇಳು?”

ಹಲ್ಲು ಕಚ್ಚಿಕೊಂಡು ಎರಡು ಅಂಕ ಕಳೆದೆ. ಒಂದೇ ಒಂದು ಅಂಕದಲ್ಲಿ ರಿಮ್ಶಾಗೆ ಮತ್ತೆ ಎರಡನೇ ಸ್ಥಾನ. ಅವರು ಸುಮ್ಮನಿದ್ದಿದ್ದರೆ ಅಂಕ ಕಳೆದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಮನುಷ್ಯ ತಾವೇ ಅವಳ ಹತ್ತಿರ ಹೋಗಿ ಹೇಳಿದರು.

“ಅಂಕ ಕತ್ತರಿಸಿದ್ದು ನಾನೇ ತಾಯಿ. ಗಂಟೆ ಹೊಡೀಲಿಲ್ಲ, ಅದೂ ನಾನೇ.”

ಅವಳ ಕಣ್ಣು ತುಂಬಿತು. ದುಪಟ್ಟಾದಲ್ಲಿ ಮೂಗು ಒರೆಸಿಕೊಂಡು ಬಾಗಿಲ ಕಡೆ ಒಮ್ಮೆ, ಅವರ ಕಡೆ ಒಮ್ಮೆ ನೋಡಿದಳು.

“ಮುಂದಿನ ವರ್ಷನೂ ಬರ್ತೀನಿ ಅಂಕಲ್. ನೀವು ಬಾಗಿಲಿಗೆ ಹೋಗೋವಾಗ ಗಂಟೆನೂ ಎತ್ಕೊಂಡು ಹೋಗಿ, ಅಷ್ಟೇ.”