ಮಗ್ಗ ನಿಲ್ಲುವ ಹೊತ್ತು

ಬೆಟಗೇರಿಯ ಓಣಿಯಲ್ಲಿ ಮಗ್ಗದ ಸಪ್ಪಳಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಡಿಸಿಕೊಂಡವನು ಬೆಂಗಳೂರಲ್ಲಿ ಕುಳಿತ ಭಾರ್ಗವನೊಬ್ಬನೇ. ಜಾಹ್ನವಿ ಮನೆಯಿಂದಲೇ ಯಾವ ಕಂಪನಿಯ ಗಿರಾಕಿಗಳ ದೂರಿಗೆ ಉತ್ತರ ಬರೆಯುತ್ತಿದ್ದಳೋ ಅದರ ಮ್ಯಾನೇಜರ್ ಆತ.

"ಹಿಂದೆ ಏನದು ಖಟಖಟ? ಇನ್ನೊಂದು ಕಂಪನಿ ಕೆಲಸಾನೂ ನಡೀತಿದೆಯಾ?"

"ಬಾಜೂ ಮನಿ ಮಗ್ಗ ಅದ ಸರ್."

"ಈ ಕಾಲದಲ್ಲಿ ಮಗ್ಗನಾ? ಫೋಟೋ ಕಳ್ಸಿ."

ಕಳಿಸಿದಳು. ಫೋಟೋ ಯಾರದ್ದಾದರೂ ಇರಬಹುದು ಎಂದ. ಮಗ್ಗ ನೇಯುವ ಮುದುಕಿ ಹನಮಂತವ್ವನ ಪಕ್ಕ ತಾನೇ ಕುಳಿತು ವಿಡಿಯೋ ಕಳಿಸಿದಳು. ಹಾಗಾದರೆ ನೇಯುವ ಕೆಲಸಕ್ಕೂ ಹೋಗುತ್ತೀರೋ ಎಂದ. ಇಂಥವನು ತಾಯಿ ಬಡಿಸಿದ ಅನ್ನವನ್ನೂ ಮೂಸಿ ನೋಡಿಯೇ ಉಂಡಿರಬೇಕು.

ಆದರೂ ಜಾಹ್ನವಿ ಬಾಯಿ ಬಿಗಿಹಿಡಿದಳು. ಬರುವ ಶುಕ್ರವಾರ ಅವಳ ಕೆಲಸ ಕಾಯಂ ಆಗುವುದೋ ಹೋಗುವುದೋ ಅವನ ಕೈಯಲ್ಲಿತ್ತು. ಮದುವೆಯಾಗಿ ಬಂದ ಮನೆಯಲ್ಲಿ ತನ್ನದು ಅಂತ ಅವಳಿಗಿದ್ದದ್ದು ಆ ಕೆಲಸವೊಂದೇ.

ಮರುದಿನದಿಂದ ಬೇರೆಯೇ ತಮಾಷೆ. ಮೀಟಿಂಗ್ ಶುರುವಾದರೆ ಸಾಕು, ಮಗ್ಗ ಗಪ್ಪಾಗುತ್ತಿತ್ತು.

"ಇವತ್ತು ಸಪ್ಪಳವೇ ಇಲ್ಲ. ಎಲ್ಲಿ ಕೂತಿದೀರಿ?" ಎಂದ ಭಾರ್ಗವ.

ಜಾಹ್ನವಿಯ ತಲೆಯೊಳಗೂ ಹುಳ ಹೊಕ್ಕಿತು. ಮೀಟಿಂಗಿಗೆ ಹೊತ್ತುಗೊತ್ತು ಎಂಬುದಿಲ್ಲ, ಅವನಿಗೆ ಮನಸ್ಸು ಬಂದಾಗ ಕರೆಯುತ್ತಾನೆ. ಅಂದಮೇಲೆ ಗೋಡೆಯಾಚೆಯ ಹನಮಂತವ್ವನಿಗೆ ಗೊತ್ತಾಗುವುದು ಹೇಗೆ? ಕಂಪನಿಯವರು ಮುದುಕಿಗೂ ಫೋನ್ ಮಾಡಿದ್ದಾರೋ? ವಿಡಿಯೋ ತೆಗೆಯುವಾಗ ಅವಳು ಅದೇನು ಇದೇನು ಎಂದು ಅಷ್ಟೊಂದು ಕೇಳಿದ್ದು ಇದಕ್ಕೇ ಇರಬೇಕು.

ಗುರುವಾರ ತಡೆಯಲಾಗದೆ ಹೋಗಿ ಕೇಳಿಯೇಬಿಟ್ಟಳು.

"ಖರೇ ಹೇಳ್ರಿ ಹನಮಂತವ್ವ. ನಾ ಮೀಟಿಂಗಿಗೆ ಕೂತದ್ದು ನಿಮಗ ಯಾರು ಹೇಳ್ತಾರ?"

ಹನಮಂತವ್ವ ಲಾಳಿ ಕೆಳಗಿಟ್ಟಳು. ಮುಖ ಸಪ್ಪಗಾಗಿತ್ತು.

"ಯಾರ್ ಹೇಳ್ಬೇಕ ತಂಗಿ? ಓಣಿಗೆಲ್ಲಾ ಕೇಳೂ ಹಂಗ ಮಾತಾಡಾಕಿ ನೀ. ಅಂವ ಫೋನಿನ್ಯಾಗ ಬಂದ್ರ ನಿನ್ನ ದನಿ ಸಣ್ಣ ಆಗಿಬಿಡತೈತಿ. ಪಾಪ, ಏನ್ ತ್ರಾಸಿನ್ಯಾಗ ಅದಾಳೋ ಅಂತ ಮಗ್ಗ ಬಿಡತೀನಿ."

ಜಾಹ್ನವಿಗೆ ಭೂಮಿಗಿಳಿದು ಹೋದಂತಾಯಿತು. ಅವನ ಸಂಶಯದ ರೋಗ ತನಗೂ ಅಂಟಿತ್ತಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಶುಕ್ರವಾರ ಭಾರ್ಗವ ಮತ್ತೆ ಅದನ್ನೇ ತೆಗೆದ.

"ನಿನ್ನೆ ಸ್ವಲ್ಪ ಹೊತ್ತು ಸೀಟಲ್ಲಿ ಇರಲಿಲ್ಲ. ಎಲ್ಲಿಗೆ ಹೋಗಿದ್ರಿ?"

"ಬಾಜೂ ಮನಿಗೆ," ಎಂದಳು ಜಾಹ್ನವಿ, ತುಂಬು ದನಿಯಲ್ಲಿ. "ನನ್ನ ಕೆಲಸ ಏನರ ಬಾಕಿ ಅದ ಏನು? ಇದ್ರ ಅದನ್ನ ಕೇಳ್ರಿ."

"ಹೀಗೆ ಮಾತಾಡಿದ್ರೆ ಕಾಯಂ ಮಾಡೋದು ಕಷ್ಟ."

"ಆತ್ರಿ," ಎಂದಳು, ಅಷ್ಟೇ ಗಟ್ಟಿಯಾಗಿ.

ಗೋಡೆಯಾಚೆ ಮಗ್ಗ ನಿಲ್ಲಲಿಲ್ಲ.