ಮೇಷ್ಟ್ರು ನಿದ್ದೆ ಹೋಗಿದ್ದ ಪಟ

ಒಂಬತ್ತರ ಪ್ಯಾಸೆಂಜರ್ ಗಾಡಿಗೆ ಎಂಟೂವರೆಗೇ ದಾವಣಗೆರೆ ನಿಲ್ದಾಣದಲ್ಲಿದ್ದೆ. ಹರಿಹರಕ್ಕೆ ಒಂಬತ್ತು ಮೈಲಿ. ಮೂರನೇ ದರ್ಜೆ, ಕಿಟಕಿಯ ಪಕ್ಕ. ಅಲ್ಲಿನ ಖಾಸಗಿ ಶಾಲೆಯೊಂದರ ಆಡಳಿತ ಮಂಡಳಿಯವರು ನನ್ನನ್ನು ಕರೆಸಿದ್ದರು. ನನ್ನ ಹಳೆಯ ಶಿಷ್ಯ ಹಾಲಪ್ಪ ಅಲ್ಲಿ ಮೇಷ್ಟ್ರು. ಅವನು ತರಗತಿಯಲ್ಲಿ ತೂಗುಹಾಕಿದ ಪಟ ಗುರುಗಳಿಗೆ ಅವಮಾನವೆಂದು ದೂರು ಬಂದಿತ್ತು. ಮೂವತ್ತು ವರ್ಷ ಹೆಡ್‌ಮಾಸ್ಟರಾಗಿದ್ದ ನಾನು ಹೌದೆಂದರೆ ಹಾಲಪ್ಪನ ಕೆಲಸ ಹೋಗುತ್ತಿತ್ತು.

ಹರಿಹರದಲ್ಲಿ ಇಳಿದಾಗ ಹೊಳೆಯ ಕಡೆಯಿಂದ ಧೂಳುಗಾಳಿ. ಶಾಲೆಗೆ ನಡೆದೇ ಹೋದೆ, ಹದಿನೈದು ನಿಮಿಷ.

ಕಳೆದ ಶತಮಾನದಲ್ಲಿ ಯುರೋಪಿನ ಯಾರೋ ಬರೆದ ಚಿತ್ರ. ಹಾಲಪ್ಪ ಅದನ್ನು ಹಳೆಯ ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ್ದ. ಕುರ್ಚಿಯಲ್ಲಿ ಮೇಷ್ಟ್ರು ಬಾಯಿ ತೆರೆದು ನಿದ್ದೆ ಹೋಗಿದ್ದಾರೆ. ಒಬ್ಬ ಹುಡುಗ ಅವರ ಟೋಪಿ ಹಾಕಿಕೊಂಡು ಬೆತ್ತ ಬೀಸುತ್ತಿದ್ದಾನೆ. ಇನ್ನೊಬ್ಬ ಸ್ಲೇಟಿನಲ್ಲಿ ಅವರ ಮೂಗನ್ನು ಮೊಳದುದ್ದ ಬರೆದಿದ್ದಾನೆ. ಬೆಂಚಿನ ಕೆಳಗೆ ಇಬ್ಬರ ಕುಸ್ತಿ.

“ಇಳಿಸು,” ಎಂದೆ ಹಾಲಪ್ಪನಿಗೆ.

“ಇಳಿಸ್ತೀನಿ ಸಾರ್. ಮೊದ್ಲು ಹುಡುಗ್ರನ್ನ ಒಂದ್ ಮಾತು ಕೇಳ್ರಿ.”

ಮುಂದಿನ ಸಾಲಿನ ಹುಡುಗಿಯನ್ನು ಕೇಳಿದೆ: “ಇಷ್ಟು ಗದ್ದಲದಾಗೆ ಈ ಮೇಷ್ಟ್ರಿಗೆ ಯಾಕಮ್ಮ ಎಚ್ಚರ ಆಗಿಲ್ಲ?”

“ಗದ್ಲ ಐತೆ ಅಂತಾನೇ ಮಲಗ್ಯಾರ್ರಿ. ಸುಮ್ನಾದ್ರೆ ಎದ್ದುಬಿಡ್ತಾರೆ.”

ತರಗತಿ ನಕ್ಕಿತು. ಹಾಲಪ್ಪ ನೆಲ ನೋಡುತ್ತಿದ್ದ.

“ಏನಲೇ ಅದು, ನೆಲ ನೋಡ್ತಿ?”

“ಊಟ ಆದ್ಮೇಲೆ ನೀವು ನಮಗೆ ಮಗ್ಗಿ ಹೇಳಿಸ್ತಿದ್ರಲ್ಲ ಸಾರ್... ನಾವು ಪಾಳಿ ಹಾಕ್ಕೊಂಡಿದ್ವಿ. ಅರ್ಧ ಮಂದಿ ಮಗ್ಗಿ ಹೇಳೋದು, ಅರ್ಧ ಮಂದಿ ಪೇರಲ ಗಿಡ ಹತ್ತೋದು. ಸದ್ದು ನಿಲ್ಬಾರ್ದು, ಅಷ್ಟೇ.”

“ನಾನು ಕಣ್ಣು ಮುಚ್ಚಿ ತಪ್ಪು ಹುಡುಕ್ತಿದ್ದೆ!”

“ಹೌದ್ ಸಾರ್. ಹದಿನೇಳರ ಮಗ್ಗೀನ ಒಂದ್ ತಿಂಗ್ಳು ತಪ್ಪೇ ಹೇಳಿದ್ವಿ.”

ನಂಬಲಿಲ್ಲ. ಅವನನ್ನು ಬೈದೆ. ಮತ್ತೆ ಕೇಳಿದೆ, “ಇದನ್ಯಾಕೆ ಹಾಕಿದ್ದಿ?”

“ನಾನು ನಿಮಗೆ ಭಾಳ ಹೆದರ್ತಿದ್ದೆ ಸಾರ್. ನಿದ್ದೆ ಬಂದಾಗ ಮಾತ್ರ ನೀವು ನಮ್ಮನಿ ಹಿರೇರಂಗೆ ಕಾಣ್ತಿದ್ರಿ. ಈ ಹುಡುಗ್ರು ನನಗೆ ಹೆದರೋದು ಬ್ಯಾಡ ಅಂತ.”

ಅವನ ಮನೆಯಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡೆ. ನನ್ನ ಅಭಿಪ್ರಾಯವನ್ನು ಬರೆದು ಕಳಿಸುವೆನೆಂದು ಮಂಡಳಿಯವರಿಗೆ ತಿಳಿಸಿ ಎರಡರ ಗಾಡಿ ಹತ್ತಿದೆ. ಅವಮಾನವಾಗಿತ್ತು. ಏನು ಬರೆಯಬೇಕೆಂದು ಯೋಚಿಸಲು ಕಣ್ಣು ಮುಚ್ಚಿದೆ. ಗಾಲಿಗಳು ಒಂದೇ ಸಮನೆ ಸದ್ದು ಮಾಡುತ್ತಿದ್ದವು. ಎದುರಿನ ಸೀಟಿನಲ್ಲಿ ಮೂವರು ಹತ್ತಿಯ ಧಾರಣೆಗೆ ಜಗಳವಾಡುತ್ತಿದ್ದರು.

ಸದ್ದು ನಿಂತಿತು. ಕಣ್ಣು ತೆರೆದರೆ ದಾವಣಗೆರೆ.

ಮನೆಗೆ ಹೋಗುವವರೆಗೆ ಕಾಯಲಿಲ್ಲ. ನಿಲ್ದಾಣದ ಬೆಂಚಿನ ಮೇಲೆ ಕುಳಿತು ಕಾರ್ಡು ಬರೆದೆ: “ಪಟ ಅಲ್ಲೇ ಇರಲಿ. ಹಾಲಪ್ಪನೂ ಇರಲಿ.”