ಜಡ್ಜ್ ಮೇಡಂ ಮೈಕು

ಮಿಯಾಪುರ ಮೆಟ್ರೊ ಪಕ್ಕದ ಇರಾನಿ ಹೋಟೆಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿಗೆ ರಾಯಚೂರಿನ ಗೆಳೆಯ ಬಸವರಾಜ. ಕೋರ್ಟುಗಳ ಆನ್‌ಲೈನ್ ವಿಚಾರಣೆಗೆ ಸಾಫ್ಟ್‌ವೇರ್ ಮಾಡುವ ಕಂಪನಿ ಅವನದು.

ಬೆಳಿಗ್ಗೆ ಅವನ ಜೊತೆ ಒಂದು ಸಭೆಗೆ ಹೋಗಿದ್ದೆ. ತನ್ನ ನ್ಯಾಯಾಧೀಶರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸುತ್ತಿರುವ ಹೊರದೇಶದ ಸರ್ಕಾರವೊಂದಕ್ಕೆ ನ್ಯಾಯಾಂಗ ಸುಧಾರಣೆಯಲ್ಲಿ ನಮ್ಮವರ ಸಹಕಾರವಂತೆ. ಅಲ್ಲಿಂದ ಬಂದವರು ಇಬ್ಬರು, ಒಬ್ಬ ನ್ಯಾಯಾಧೀಶೆ ಮತ್ತು ಕಾನೂನು ಇಲಾಖೆಯ ಅಧಿಕಾರಿ. ಆಕೆಯನ್ನು ಏನು ಕೇಳಿದರೂ ಉತ್ತರ ಅವನದೇ. ಇನ್ನೊಂದು ಕಾಫಿ ಬೇಕೇ ಎಂದು ಆಕೆಯನ್ನು ಕೇಳಿದಾಗಲೂ ಬೇಡವೆಂದು ತಲೆಯಾಡಿಸಿದವನು ಅವನೇ.

"ಊಟದಾಗ ನಿನ್ನ ಬಾಜೂಕ ಕರದು ಏನ ಕೇಳಿದ ಅಂವ?" ಎಂದೆ.

"ವಿಚಾರಣಿ ನಡದಾಗ ಜಡ್ಜ್ ಮೇಡಂ ಮೈಕ್ ರಾಜಧಾನಿಯಿಂದ ಬಂದ್ ಮಾಡಾಕ ಬರತೈತೇನು ಅಂದ."

"ನೀ ಏನಂದಿ?"

"ಈಗ ಬರೂದಿಲ್ಲ ಅಂದೆ. ಹಂಗಾರ ಅದೊಂದು ಸೇರಿಸಿ ಕೊಡ್ರಿ ಅಂದ."

"ಕೊಡ್ತೀಯೇನು?"

ಬಸವರಾಜ ಬೀದಿಯ ಕಡೆ ನೋಡಿದ. "ಒಂದು ಬಟನ್ ಅಷ್ಟ ದೋಸ್ತ. ಒತ್ತಾಂವ ನಾ ಅಲ್ಲಲ್ಲ."

ಹೋಟೆಲಿನವನು ಬಂದು ನನ್ನನ್ನು ಕೇಳಿದ: "ಔರ್ ಏಕ್ ಚಾಯ್, ಸಾಬ್?"

ನಾನು ಬಾಯಿ ತೆರೆಯುವಷ್ಟರಲ್ಲಿ ಬಸವರಾಜ ಬೇಡವೆಂದು ಕೈಯಾಡಿಸಿದ.